ಅಪರೂಪದ ಬೆಳವ ಅಂತ ನಂಬುವ ಮೊದಲು

ಗದಗ-ಬೆಟಗೇರಿಯಲ್ಲಿ ನಾನು ಕಲಿಸುವ ಮದ್ರಸಕ್ಕೆ ಕಳೆದ ಚಳಿಗಾಲದಲ್ಲಿ ಐದನೇ ಕ್ಲಾಸಿನ ಹುಡುಗನೊಬ್ಬ ಒಂದು ಹಕ್ಕಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತಂದ. ಸುಬಹಿ ನಮಾಝಿನ ನಂತರದ ಕ್ಲಾಸು. ಪೆಟ್ಟಿಗೆಗೆ ಪೆನ್ಸಿಲಿನಿಂದ ಗಾಳಿಗೆ ತೂತು ಮಾಡಿದ್ದ. “ಹಜ್ರತ್, ಗುಲಾಬಿ ಫಾಕ್ತಾ ಐತ್ರಿ. ಇಂಥಾ ಬಣ್ಣದ್ದು ಸಾವಿರದಾಗ ಒಂದಂತ್ರಿ” ಅಂದ. ಈ ಕಡೆ ಉರ್ದು ಮಾತಾಡುವ ಮನೆಗಳಲ್ಲಿ ಬೆಳವಕ್ಕೆ ಫಾಕ್ತಾ ಅನ್ನುತ್ತಾರೆ. ಪಾರಿವಾಳಕ್ಕಿಂತ ಸಣ್ಣದು, ತೆಳ್ಳಗಿನ ಕತ್ತು, ಕತ್ತಿನ ಹಿಂದೆ ಅರ್ಧ ಉಂಗುರದ ಹಾಗೆ ಒಂದು ಕಪ್ಪು ಗೆರೆ.

ನಿಜಕ್ಕೂ ಚಂದದ ಹಕ್ಕಿ. ತಲೆ ಬೂದು ಬಣ್ಣ, ಬೆನ್ನು ಮತ್ತು ರೆಕ್ಕೆ ಇಟ್ಟಿಗೆ ಕೆಂಪು, ಎದೆಯಲ್ಲಿ ಸ್ವಲ್ಪ ಗುಲಾಬಿ. ಸೈಕಲ್ಲಿಗೆ ಪಂಜರ ಕಟ್ಟಿಕೊಂಡು ಓಣಿ ಓಣಿ ತಿರುಗುವ ಒಬ್ಬನಿಂದ ಎಂಟು ನೂರು ರೂಪಾಯಿಗೆ ಕೊಂಡದ್ದಂತೆ. ಅದರಲ್ಲಿ ಐನೂರು ಮೀಲಾದ್ ಸ್ಪರ್ಧೆಯಲ್ಲಿ ಅವನಿಗೆ ಸಿಕ್ಕಿದ ಬಹುಮಾನ. ಉಳಿದ ಮುನ್ನೂರು ಅವನ ದಾದಿ ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟದ್ದು. ಅಪ್ಪ ಮಾರುಕಟ್ಟೆಯ ಅಂಗಳದಲ್ಲಿ ಹಮಾಲಿ ಮಾಡುವವರು. ಆ ಮನೆಗೆ ಎಂಟು ನೂರು ಅಂದರೆ ಎಷ್ಟು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಏನು ಮಾಡಿದೆ? ಹಕ್ಕಿಯನ್ನು ಕೈಯಲ್ಲಿ ಹಿಡಿದು, “ಮಾಶಾ ಅಲ್ಲಾಹ್, ಅಪರೂಪದ್ದೇ ಇದು” ಅಂದುಬಿಟ್ಟೆ. ಊರಿನಲ್ಲಿ ನಮ್ಮ ಮನೆಯ ಅಟ್ಟದಲ್ಲಿ ಪಾರಿವಾಳ ಇದ್ದವು. ಆದ್ದರಿಂದ ನನಗೆ ಇದೆಲ್ಲ ಗೊತ್ತುಂಟು ಅನ್ನುವ ಧೈರ್ಯ. ಹುಡುಗ, “ಭಾಳ ಸಾಧು ಐತ್ರಿ, ಹಾರೂದ ಇಲ್ಲ” ಅಂದಾಗಲೂ ನನಗೆ ಸಂಶಯ ಬರಲಿಲ್ಲ. ಒಂದು ವಾರದೊಳಗೆ ಅದೇ ಕ್ಲಾಸಿನ ಇನ್ನೊಬ್ಬ ಹುಡುಗ ಅದೇ ಮನುಷ್ಯನಿಂದ ಇನ್ನೊಂದು ‘ಗುಲಾಬಿ’ ಕೊಂಡು ತಂದ. “ಹಜ್ರತ್ ಅಪರೂಪ ಅಂದಾರ” ಅಂತ ಮನೆಯಲ್ಲಿ ಹೇಳಿ ಹಣ ಕೇಳಿದ್ದನಂತೆ. ನನ್ನ ಬಾಯಿಂದ ಬಂದ ಒಂದು ಮಾತು ಮಾರುವವನಿಗೆ ಜಾಹೀರಾತಾಯಿತು. ಈ ಲೇಖನ ಬರೆಯುವುದಕ್ಕೆ ಅದೇ ಕಾರಣ.

ಆ ಎರಡೂ ಹಕ್ಕಿಗಳು ಅಪರೂಪದವು ಆಗಿರಲಿಲ್ಲ. ಎರಡನೆಯದ್ದರ ಗುಟ್ಟು ಮೊದಲು ಗೊತ್ತಾಯಿತು. ಹುಡುಗನ ಅಮ್ಮ ಅಂಗಳದಲ್ಲಿ ಬಟ್ಟೆ ಒಗೆಯುವಾಗ ಹಕ್ಕಿ ಬುಟ್ಟಿಯ ನೀರಿಗೆ ಇಳಿದು ಮಿಂದಿತು. ನೀರೆಲ್ಲ ಗುಲಾಬಿ ಆಯಿತು. ಒಳಗಿಂದ ಸಾದಾ ಬಿಳಿ ಬೆಳವ ಹೊರಗೆ ಬಂತು. ಮೊದಲನೆಯದ್ದು ಹಾಗಲ್ಲ, ಅದರ ಬಣ್ಣ ಅಲ್ಲಾಹನು ಕೊಟ್ಟದ್ದೇ. ಆದರೆ ಅದು ಸಾಕು ಬೆಳವವೇ ಆಗಿರಲಿಲ್ಲ.

ತಂತಿಯ ಮೇಲೆ ಕೂತ ‘ಅಪರೂಪ’

ಅದು ನನಗೆ ತಿಳಿದದ್ದು ಮಾಗಡಿ ಕೆರೆಯ ದಾರಿಯಲ್ಲಿ. ಶಿರಹಟ್ಟಿ ತಾಲೂಕಿನ ಈ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಬಾತುಗಳು ಬರುತ್ತವೆ. 2024ರ ಜನವರಿಯಲ್ಲಿ ಇದು ರಾಮ್ಸಾರ್ ಪಟ್ಟಿಗೂ ಸೇರಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನ್ನ ಸ್ನೇಹಿತರೊಬ್ಬರು, “ಬರ್ರಿ ಉಸ್ತಾದ್ರ, ಒಮ್ಮೆ ನೋಡ್ರಿ” ಅಂತ ಬೈಕಿನಲ್ಲಿ ಕರೆದುಕೊಂಡು ಹೋದರು. ದಾರಿಯ ಬದಿ ಬಿಳಿಜೋಳದ ಹೊಲ. ಕರೆಂಟಿನ ತಂತಿಯ ಮೇಲೆ ಏಳೆಂಟು ಬೆಳವಗಳು. ಅವುಗಳಲ್ಲಿ ಮೂರು ನಮ್ಮ ಹುಡುಗನ ಪೆಟ್ಟಿಗೆಯೊಳಗಿನದ್ದೇ: ಅದೇ ಬೂದು ತಲೆ, ಅದೇ ಇಟ್ಟಿಗೆ ಬೆನ್ನು, ಕತ್ತಿನಲ್ಲಿ ಅದೇ ಕಪ್ಪು ಗೆರೆ.

ನಾನು ಬೈಕ್ ನಿಲ್ಲಿಸಲು ಹೇಳಿದೆ. “ಇದು ಯಾವ ಹಕ್ಕಿ ಸರ್?” ಅಂತ ಕೇಳಿದೆ. “ಕೆಂಪು ಬೆಳವರೀ. ನಮ್ಮ ಹೊಲದಾಗಿನ ಹಕ್ಕಿ. ಗಂಡು ಹಿಂಗ ಕೆಂಪಗ ಇರ್ತೈತಿ, ಹೆಣ್ಣು ಕಂದು” ಅಂದರು. ನಾನು ಮಾತಾಡಲಿಲ್ಲ. ಮಾಗಡಿಯಲ್ಲಿ ಬಾತುಗಳನ್ನು ನೋಡಿದೆ. ಆದರೆ ಮನಸ್ಸು ಆ ಪೆಟ್ಟಿಗೆಯ ಹತ್ತಿರವೇ ಇತ್ತು.

ಈ ನಾಲ್ಕು ಊರುಗಳ ಸುತ್ತಲಿನ ಮಣ್ಣು ನೋಡಿದವರಿಗೆ ಗೊತ್ತಿರಬಹುದು, ಒಂದು ಕಡೆ ಕಪ್ಪು ಎರೆ, ಇನ್ನೊಂದು ಕಡೆ ಕೆಂಪು ಮಸಾರಿ. ಮಸಾರಿ ಹೊಲದಲ್ಲಿ ಕಾಳು ಹೆಕ್ಕುವಾಗ ಈ ಗಂಡು ಬೆಳವ ಮಣ್ಣಿನ ಬಣ್ಣಕ್ಕೇ ಹೊಂದಿಕೊಂಡು ಕಣ್ಣಿಗೆ ಬೀಳುವುದೇ ಇಲ್ಲ. ದಿನವೂ ನಮ್ಮ ಮುಂದೆ ಇದ್ದರೂ ನಾವು ನೋಡಿರಲಿಲ್ಲ. ಅದನ್ನು ಪಂಜರದಲ್ಲಿಟ್ಟು ಹೊಸ ಹೆಸರು ಕೊಟ್ಟ ಮೇಲೆ ನಮಗೆ ಅಪರೂಪವಾಗಿ ಕಂಡಿತು.

ಊರಿಗೆ ಬಂದವನೇ ಹುಡುಗನ ಮನೆಗೆ ಹೋದೆ. ಹಕ್ಕಿಯ ರೆಕ್ಕೆ ಬಿಡಿಸಿ ನೋಡಿದೆ. ಒಂದು ಬದಿಯ ಉದ್ದ ಗರಿಗಳನ್ನೆಲ್ಲ ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿದ್ದರು. ಸಾಧು ಅಂತ ನಾವು ಹೊಗಳಿದ್ದು ಇದನ್ನೇ.

ಗುರುತು ಹಿಡಿಯುವುದು ಹೇಗೆ?

ಆಮೇಲೆ ನಾನು ಈ ವಿಷಯ ಓದಿದೆ, ಸಾಕುವವರನ್ನು ಕೇಳಿದೆ, ನೋಡಿದೆ. ಮನೆಯಲ್ಲಿ ಹಕ್ಕಿ ಸಾಕುವ ಮಕ್ಕಳಿರುವ ತಾಯಂದಿರಿಗೆ, ಅಪ್ಪಂದಿರಿಗೆ ಉಪಯೋಗ ಆಗಲಿ ಅಂತ ಇಲ್ಲಿ ಬರೆಯುತ್ತೇನೆ.

ಅಂಗಡಿಗಳಲ್ಲಿ ‘ರಿಂಗ್‌ನೆಕ್ ಡವ್’ ಅಂತ ಮಾರುವ ಸಾಕು ಬೆಳವ ನಮ್ಮ ದೇಶದ ಕಾಡಿನದ್ದಲ್ಲ. ಅದರ ಮೂಲ ಆಫ್ರಿಕಾದ ಒಂದು ಬೆಳವ. ಸಹಾರಾ ಮರುಭೂಮಿಯ ದಕ್ಷಿಣದ ಒಣ ನಾಡಿನಲ್ಲೂ ಅರೇಬಿಯಾದ ನೈರುತ್ಯ ಮೂಲೆಯಲ್ಲೂ ಅದು ಈಗಲೂ ಕಾಡಿನಲ್ಲಿ ಉಂಟು. ಮನುಷ್ಯ ಇದನ್ನು ಸಾಕಲು ಸುರು ಮಾಡಿ ಶತಮಾನಗಳೇ ಆದವು. 1758ರಲ್ಲಿ ಲಿನೇಯಸ್ ಪ್ರಾಣಿಗಳಿಗೆ ಶಾಸ್ತ್ರೀಯ ಹೆಸರು ಕೊಡುವಾಗ ಈ ಸಾಕು ಬೆಳವಕ್ಕೆ ‘ನಗುವ ಹಕ್ಕಿ’ ಅನ್ನುವ ಅರ್ಥದ ಲ್ಯಾಟಿನ್ ಹೆಸರು ಕೊಟ್ಟ. ಗಂಡು ಬೆಳವ ಕೂಗಿದ ಮೇಲೆ ಒಮ್ಮೊಮ್ಮೆ ಹೆಹ್ಹೆಹ್ಹೆ ಅಂತ ನಕ್ಕ ಹಾಗೆ ಸದ್ದು ಮಾಡುತ್ತದೆ. ಸಾಕಿದವರಿಗೆ ಗೊತ್ತುಂಟು.

ಇಷ್ಟು ಕಾಲ ಮನುಷ್ಯನ ಕೈಯಲ್ಲಿ ಬೆಳೆದದ್ದರಿಂದ ಅದರಲ್ಲಿ ಹಲವು ಬಣ್ಣಗಳು ಹುಟ್ಟಿಕೊಂಡಿವೆ. ಮೂಲದ ಕಂದು-ಬೂದು, ತಿಳಿ ಕೆನೆ ಬಣ್ಣ, ಬಿಳಿ, ಗುಲಾಬಿ ಛಾಯೆ, ಕಿತ್ತಳೆ ಛಾಯೆ, ದಂತದ ಬಣ್ಣ, ಬಿಳಿ ಮಚ್ಚೆ ಇರುವ ಕಬರಾ, ಹೀಗೆ. ಇವುಗಳಲ್ಲಿ ಕೆಲವು ಸುಲಭವಾಗಿ ಸಿಗುತ್ತವೆ, ಕೆಲವು ಕಡಿಮೆ. ಆದ್ದರಿಂದ ‘ಅಪರೂಪದ ಬಣ್ಣ’ ಅನ್ನುವುದೇ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅದು ಅಪರೂಪ ಹೌದೋ ಅಲ್ಲವೋ ಅಂತ ತಿಳಿಯಲು ನಾಲ್ಕು ಮೆಟ್ಟಿಲು ಹತ್ತಬೇಕು.

ಮೊದಲ ಮೆಟ್ಟಿಲು, ಹಕ್ಕಿ ಸಾಕಿದ್ದೋ ಕಾಡಿನದ್ದೋ ಅಂತ ನೋಡುವುದು. ಬಣ್ಣ ನೋಡುವುದು ಆಮೇಲೆ. ನಮ್ಮ ಹೊಲಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಕಾಡು ಬೆಳವಗಳು ಉಂಟು. ಕತ್ತಿನ ಹಿಂದೆ ಕಪ್ಪು ಪಟ್ಟಿಯಲ್ಲಿ ಬಿಳಿ ಚುಕ್ಕೆ ಇರುವ ಚುಕ್ಕೆ ಬೆಳವ, ಇದನ್ನು ಮಲೆನಾಡಿನವರು ಚೋರೆಹಕ್ಕಿ ಅನ್ನುತ್ತಾರೆ. ಕುತ್ತಿಗೆಯ ಮುಂದೆ ಕಪ್ಪು ಚುಕ್ಕೆಗಳ ಪಟ್ಟಿ ಇರುವ ಪುಟ್ಟ ಕಂದು ಬೆಳವ. ದೊಡ್ಡ ಗಾತ್ರದ, ಕತ್ತಿಗೆ ಕಪ್ಪು ಉಂಗುರ ಇರುವ ಬೂದು ಬೆಳವ. ನಾಲ್ಕನೆಯದ್ದು ನಾನು ಹೇಳಿದ ಕೆಂಪು ಬೆಳವ. ಸಾಕು ಬೆಳವದ ಜೊತೆ ಹೆಚ್ಚು ಗೊಂದಲ ಆಗುವುದು ಬೂದು ಬೆಳವದಿಂದ, ಏಕೆಂದರೆ ಎರಡಕ್ಕೂ ಉಂಗುರ ಉಂಟು. ಬಾಲದ ಬುಡವನ್ನು ಕೆಳಗಿನಿಂದ ನೋಡಿ. ಸಾಕು ಬೆಳವದಲ್ಲಿ ಅಲ್ಲಿ ಬಿಳಿ, ಕಾಡಿನ ಬೂದು ಬೆಳವದಲ್ಲಿ ಬೂದು. ಕಾಡಿನದ್ದರ ರೆಕ್ಕೆಯ ತುದಿಯ ಗರಿಗಳು ಕಡು ಬಣ್ಣ, ಸಾಕಿದ್ದರಲ್ಲಿ ತಿಳಿ. ಕೂಗಿನಲ್ಲೂ ವ್ಯತ್ಯಾಸ ಉಂಟು. ಕಾಡಿನದ್ದು ಮೂರು ತುಂಡಾಗಿ, ನಡುವಿನದ್ದಕ್ಕೆ ಒತ್ತು ಕೊಟ್ಟು ಕೂಗುತ್ತದೆ. ಸಾಕಿದ್ದು ನಡುವೆ ಗಂಟಲು ಉರುಳಿಸಿ ಎಳೆಯುತ್ತದೆ. ಇನ್ನು ಗಿಡ್ಡ ದೇಹ, ಬೂದು ತಲೆ, ಇಟ್ಟಿಗೆ ಬೆನ್ನು, ಕಪ್ಪು ಕೊಕ್ಕು ಒಟ್ಟಿಗೆ ಕಂಡರೆ ಅದು ಕೆಂಪು ಬೆಳವದ ಗಂಡು. ಅಲ್ಲಿಗೆ ವ್ಯಾಪಾರದ ಮಾತು ಮುಗಿಯಿತು.

ಎರಡನೆಯ ಮೆಟ್ಟಿಲು, ಬಣ್ಣ ಹಚ್ಚಿದ್ದೋ ಅಂತ ನೋಡುವುದು. ಒದ್ದೆ ಮಾಡಿದ ಬಿಳಿ ಹತ್ತಿಯಿಂದ ಗರಿಯನ್ನು ಮೆಲ್ಲನೆ ಉಜ್ಜಿ. ರೆಕ್ಕೆ ಎತ್ತಿ ಕಂಕುಳಿನ ಗರಿ ನೋಡಿ, ಎದೆಯ ಗರಿಯನ್ನು ಸರಿಸಿ ಬುಡ ನೋಡಿ. ಹಚ್ಚುವವನ ಕೈ ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗುವುದಿಲ್ಲ. ಕೊಕ್ಕಿನ ಬುಡದಲ್ಲಿ, ಕಾಲಿನಲ್ಲಿ ಬಣ್ಣ ಮೆತ್ತಿದ್ದರೆ ಸಂಶಯವೇ ಬೇಡ.

ಮೂರನೆಯದು ಕಣ್ಣು. ಬಿಳಿ ಬೆಳವ ಬೇರೆ, ಆಲ್ಬಿನೋ ಬೇರೆ. ಸಾದಾ ಬಿಳಿ ಬೆಳವದ ಕಣ್ಣಿನ ಸುತ್ತು ಕಿತ್ತಳೆ-ಕೆಂಪು, ನಡುವಿನ ಪಾಪೆ ಕಪ್ಪಗೆ ಕಾಣುತ್ತದೆ. ಆಲ್ಬಿನೋದಲ್ಲಿ ಬಣ್ಣದ ಅಂಶವೇ ಇಲ್ಲದ ಕಾರಣ ಕಣ್ಣು ಪೂರ್ತಿ ಗುಲಾಬಿ-ಕೆಂಪು. ಅದಕ್ಕೆ ಬಿಸಿಲಿನ ಬೆಳಕು ತಡೆಯುವುದು ಕಷ್ಟ. ಎರಡನ್ನೂ ‘ಬಿಳಿ’ ಅನ್ನುವ ಒಂದೇ ಹೆಸರಿನಲ್ಲಿ ಮಾರುತ್ತಾರೆ, ಕೆಲವರು ಸಾದಾ ಬಿಳಿಯನ್ನೇ ಆಲ್ಬಿನೋ ಅಂತ ಹೆಚ್ಚಿನ ಬೆಲೆಗೆ ಮಾರುತ್ತಾರೆ.

ನಾಲ್ಕನೆಯದು ವಂಶ ಮತ್ತು ಗರಿ ಉದುರುವ ಕಾಲ. ಬೆಳವದ ಗರಿ ವರ್ಷಕ್ಕೊಮ್ಮೆ ಉದುರಿ ಹೊಸದು ಬರುತ್ತದೆ. ಗಾಯವಾದ ಜಾಗದಲ್ಲಿ ಬಿಳಿ ಗರಿ ಹುಟ್ಟುವುದುಂಟು. ಮರಿಗಳಿಗೆ ಸುರುವಿಗೆ ಕತ್ತಿನ ಉಂಗುರವೇ ಇರುವುದಿಲ್ಲ. ಇದನ್ನೆಲ್ಲ ನೋಡಿ ‘ಹೊಸ ಬಣ್ಣ’ ಅಂತ ಕುಣಿಯಬಾರದು. ಒಂದು ಸಲ ಗರಿ ಉದುರಿ ಬಂದ ಮೇಲೂ ಅದೇ ಬಣ್ಣ ನಿಂತರೆ, ತಂದೆ-ತಾಯಿ ಹಕ್ಕಿಗಳನ್ನು ನೋಡಿದರೆ, ಆಗ ಮಾತಾಡಬಹುದು. ಮೊಬೈಲಿನ ಫೋಟೋ ನೋಡಿ ತೀರ್ಮಾನ ಮಾಡಲೇಬೇಡಿ. ಸಂಜೆಯ ಬಿಸಿಲಿನಲ್ಲಿ ತೆಗೆದ ಫೋಟೋದಲ್ಲಿ ಕೆನೆ ಬಣ್ಣದ ಹಕ್ಕಿಯೂ ಕಿತ್ತಳೆ ಆಗಿ ಕಾಣುತ್ತದೆ.

ಲಕ್ಷ್ಮೇಶ್ವರದ ಬಿಳಿ ಮರಿ

ವಂಶದ ಮಾತು ಬಂದದ್ದರಿಂದ ಒಂದು ಘಟನೆ ಹೇಳುತ್ತೇನೆ. ಲಕ್ಷ್ಮೇಶ್ವರದಲ್ಲಿ ನನಗೆ ಪರಿಚಯದ ಒಂದು ಮನೆ ಉಂಟು. ಅವರ ಹತ್ತಿರ ಕೆನೆ ಬಣ್ಣದ ಒಂದು ಜೋಡಿ ಬೆಳವ. ಎರಡು ಮೊಟ್ಟೆ ಇಟ್ಟು, ಹದಿನಾಲ್ಕು-ಹದಿನೈದು ದಿನ ಗಂಡು ಹೆಣ್ಣು ಸರದಿಯಲ್ಲಿ ಕಾವು ಕೊಟ್ಟು, ಮರಿಗಳಾದವು. ಒಂದು ತಂದೆ-ತಾಯಿಯ ಹಾಗೆ ಕೆನೆ ಬಣ್ಣ. ಇನ್ನೊಂದು ಅಚ್ಚ ಬಿಳಿ! ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಕೆನೆ ಬಣ್ಣದ ಜೋಡಿಗೆ ಬಿಳಿ ಮರಿ ಹುಟ್ಟುವುದು ಲಕ್ಷದಲ್ಲಿ ಒಂದು ಅಂತ ಯಾರೋ ಹೇಳಿದರು. ಬರಕತ್ತಿನ ಹಕ್ಕಿ ಅಂತ ಇನ್ನೊಬ್ಬರು. ನೋಡಲು ಜನ ಬಂದರು, ಬೆಲೆ ಕೇಳಿದರು.

ಬೆಳವಗಳಲ್ಲಿ ಈ ಬಿಳಿ ಬಣ್ಣದ ಲೆಕ್ಕ ತುಂಬಾ ಸರಳ. ಬಣ್ಣವನ್ನು ತೀರ್ಮಾನಿಸುವ ಒಂದು ವಂಶವಾಹಿ ಲಿಂಗದ ಜೊತೆಗೇ ಸಾಗುತ್ತದೆ. ಗಂಡಿನಲ್ಲಿ ಅದರ ಎರಡು ಪ್ರತಿ, ಹೆಣ್ಣಿನಲ್ಲಿ ಒಂದೇ ಪ್ರತಿ. ಮನುಷ್ಯರಲ್ಲಿ ಇರುವುದಕ್ಕೆ ಇದು ತಿರುಗುಮುರುಗು. ಮೂಲದ ಕಂದು ಬಣ್ಣಕ್ಕೆ ಮೊದಲ ಬಲ, ಕೆನೆಗೆ ಎರಡನೆಯದು, ಬಿಳಿಗೆ ಕೊನೆಯದು. ಗಂಡು ಬೆಳವ ಒಂದು ಕೆನೆ, ಒಂದು ಬಿಳಿ ಇಟ್ಟುಕೊಂಡಿದ್ದರೆ ನೋಡಲು ಕೆನೆಯೇ. ಬಿಳಿ ಒಳಗೆ ಅಡಗಿರುತ್ತದೆ. ಹೆಣ್ಣಿನಲ್ಲಿ ಒಂದೇ ಪ್ರತಿ ಇರುವುದರಿಂದ ಅಡಗಿಸಲು ಜಾಗವೇ ಇಲ್ಲ. ಅಪ್ಪನಿಂದ ಬಿಳಿ ಸಿಕ್ಕಿದ ಮಗಳು ಬಿಳಿಯೇ.

ಹಾಗಾದರೆ ಲಕ್ಷ್ಮೇಶ್ವರದ ಆ ಮರಿ? ಅದು ಹೆಣ್ಣು. ಅದರ ಅಪ್ಪ ಒಳಗೆ ಬಿಳಿ ಇಟ್ಟುಕೊಂಡವ. ಅಂಥ ಜೋಡಿಯ ಹೆಣ್ಣು ಮರಿಗಳಲ್ಲಿ ಸರಾಸರಿ ಅರ್ಧದಷ್ಟು ಬಿಳಿ ಆಗುತ್ತವೆ. ಇನ್ನೊಂದು ಲೆಕ್ಕ ನೋಡಿ: ಗಂಡು ಬಿಳಿ, ಹೆಣ್ಣು ಕೆನೆ ಆದರೆ ಹೆಣ್ಣು ಮರಿಗಳೆಲ್ಲ ಬಿಳಿ, ಗಂಡು ಮರಿಗಳೆಲ್ಲ ಕೆನೆ. ಮೊಟ್ಟೆ ಒಡೆದ ಮೇಲೆ ಬಣ್ಣ ನೋಡಿಯೇ ಗಂಡು ಹೆಣ್ಣು ಹೇಳಬಹುದು. ನಾನು ಇದನ್ನು ಆ ಮನೆಯವರಿಗೆ ಕಾಗದದಲ್ಲಿ ಬರೆದು ತೋರಿಸಿದೆ. ಹಿರಿಯರು ಸ್ವಲ್ಪ ಬೇಸರ ಮಾಡಿಕೊಂಡರು. ಪವಾಡ ಕೈ ತಪ್ಪಿ ಹೋದರೆ ಬೇಸರ ಆಗುವುದೇ. ಆದರೆ ಅವರ ಮಗಳು, ಪಿಯುಸಿ ಓದುವವಳು, ಆ ಕಾಗದ ಇಟ್ಟುಕೊಂಡಳು. ಮುಂದಿನ ಮೊಟ್ಟೆಗಳ ಲೆಕ್ಕ ಬರೆಯುತ್ತಾಳಂತೆ. ಪ್ರತಿ ಹಕ್ಕಿಗೆ ಬಣ್ಣ ಕೊಡುವ ಕ್ರಮದಲ್ಲಿ ಇಷ್ಟು ಅಚ್ಚುಕಟ್ಟು ಇರುವುದೇ ದೊಡ್ಡ ವಿಷಯ ಅಂತ ನನಗೆ ಅನ್ನಿಸುತ್ತದೆ. ಅದಕ್ಕೆ ಮೇಲಿಂದ ನಾವು ಪವಾಡ ಸೇರಿಸಬೇಕಾಗಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಕಡಿಮೆ ಸಿಗುವ ಬಣ್ಣವನ್ನು ಹೆಚ್ಚಿಸಬೇಕು ಅಂತ ಅಣ್ಣ-ತಂಗಿ ಹಕ್ಕಿಗಳನ್ನೇ ಮತ್ತೆ ಮತ್ತೆ ಜೋಡಿ ಮಾಡುವವರಿದ್ದಾರೆ. ಮರಿಗಳು ಬಲಹೀನ ಆಗುತ್ತವೆ. ‘ಸಿಲ್ಕಿ’ ಅನ್ನುವ ಒಂದು ಭೇದ ಉಂಟು. ಗರಿಯ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳದೆ ರೇಷ್ಮೆಯ ಹಾಗೆ ಜೋಲುತ್ತವೆ. ನೋಡಲು ಚಂದ, ಆದರೆ ಅದಕ್ಕೆ ಸರಿಯಾಗಿ ಹಾರಲು ಆಗುವುದಿಲ್ಲ. ಅದನ್ನು ಸಾಕುವವರು ಚಳಿ, ಬೆಕ್ಕು ಎರಡರಿಂದಲೂ ಕಾಪಾಡಬೇಕು. ಅಷ್ಟು ಜವಾಬ್ದಾರಿ ಹೊರಲು ತಯಾರಿಲ್ಲದವರು ಚಂದ ಅಂತ ಕೊಳ್ಳಬಾರದು.

ಗುರುತು ತಪ್ಪಿದರೆ ಜೀವ ಹೋಗುತ್ತದೆ

“ಒಂದು ಹಕ್ಕಿಯ ಬಣ್ಣಕ್ಕೆ ಇಷ್ಟೆಲ್ಲ ಯಾಕೆ ಉಸ್ತಾದ್?” ಅಂತ ಊರಿಗೆ ಹೋದಾಗ ನನ್ನ ಇಚ್ಚನೇ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಗುರುತು ತಪ್ಪಿದರೆ ಹೋಗುವುದು ಹಣ ಮಾತ್ರ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ಮುಂಡರಗಿಯಲ್ಲಿ ಒಂದು ಸಮಾರಂಭಕ್ಕೆ ಹೋಗಿದ್ದೆ. ಶಾಂತಿಯ ಸಂಕೇತ ಅಂತ ಬಿಳಿ ಬೆಳವಗಳನ್ನು ಪಂಜರದಿಂದ ಬಿಟ್ಟರು. ಚಪ್ಪಾಳೆ ಆಯಿತು. ಕಾರ್ಯಕ್ರಮ ಮುಗಿಸಿ ಹೊರಗೆ ಬರುವಾಗ ಅದರಲ್ಲಿ ಒಂದು ಶಾಮಿಯಾನದ ಹಿಂದೆ ನೆಲದ ಮೇಲೆ ಕೂತಿತ್ತು. ಹತ್ತಿರ ಹೋದರೂ ಹಾರಲಿಲ್ಲ. ಸಾಕು ಬೆಳವಕ್ಕೆ ಊರು ಗೊತ್ತಿಲ್ಲ, ಹೊಲದಲ್ಲಿ ಕಾಳು ಹುಡುಕಿ ಅಭ್ಯಾಸ ಇಲ್ಲ, ಗಿಡುಗ ಮತ್ತು ನಾಯಿಯ ಭಯ ಇಲ್ಲ. ಪಾರಿವಾಳದ ಹಾಗೆ ದೂರದಿಂದ ಮನೆಗೆ ಮರಳುವ ಶಕ್ತಿಯೂ ಅದಕ್ಕಿಲ್ಲ. ಬಿಳಿ ಬಣ್ಣವಂತೂ ಗಿಡುಗನ ಕಣ್ಣಿಗೆ ದೂರದಿಂದಲೇ ಬೀಳುತ್ತದೆ. ಅದನ್ನು ಬಿಡುವುದೆಂದರೆ ಕೊಲ್ಲಲು ಕೊಡುವುದು. ನಮ್ಮವರಲ್ಲೂ ಸವಾಬ್ ಸಿಗುತ್ತದೆ ಅಂತ ಪಂಜರದ ಹಕ್ಕಿ ಕೊಂಡು ಬಿಡುವವರಿದ್ದಾರೆ. ಸಾಕು ಹಕ್ಕಿ ಆದರೆ ಅದು ಸಾಯುತ್ತದೆ. ಕಾಡಿನದ್ದಾದರೆ, ಹಿಡಿದವನು ನಿಮ್ಮ ಹಣ ನೋಡಿ ನಾಳೆ ಇನ್ನೂ ಹತ್ತು ಹಿಡಿಯುತ್ತಾನೆ.

ಕಾಡು ಬೆಳವದ ಕತೆ ಇದಕ್ಕೆ ಉಲ್ಟಾ. ಅದನ್ನು ಪಂಜರದಲ್ಲಿ ಇಡುವುದೇ ಅನ್ಯಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು ಎಲ್ಲವೂ ಅಪರಾಧ. ‘ಗೊತ್ತಿರಲಿಲ್ಲ’ ಅಂತ ಹೇಳಿದರೆ ಕಾನೂನು ಬಿಡುವುದಿಲ್ಲ. ಹಮಾಲಿ ಮಾಡುವ ಮನುಷ್ಯ ಮಗನ ಆಸೆಗೆ ಹಕ್ಕಿ ಕೊಡಿಸಿ ಕೇಸಿಗೆ ಸಿಕ್ಕಿಬಿದ್ದರೆ ಯಾರು ಗತಿ? ಮಾರಿದವನು ಸೈಕಲ್ ಹತ್ತಿ ಹೋಗಿರುತ್ತಾನೆ.

ಆದ್ದರಿಂದ ಬಿಡಬೇಕಾದದ್ದು ಯಾವುದು, ಬಿಡಬಾರದ್ದು ಯಾವುದು ಅಂತ ತಿಳಿಯಲು ಗುರುತು ಬೇಕು. ಕಾಡಿನದ್ದನ್ನು ಸಾಕಿದ್ದು ಅಂದುಕೊಂಡರೂ ತಪ್ಪು, ಸಾಕಿದ್ದನ್ನು ಕಾಡಿನದ್ದು ಅಂದುಕೊಂಡರೂ ತಪ್ಪು.

ನಮ್ಮ ಹುಡುಗನ ಮನೆಯಲ್ಲಿ ಇದೇ ಚರ್ಚೆ ಆಯಿತು. ಅಪ್ಪ, “ಅವನಿಗೇ ವಾಪಸ್ ಕೊಟ್ಟು ರೊಕ್ಕ ತರೋಣ್ರಿ” ಅಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಬೆವರಿನ ಹಣ. ಆದರೆ ವಾಪಸ್ ಕೊಟ್ಟರೆ ಅವನು ಅದನ್ನೇ ಇನ್ನೊಂದು ಓಣಿಯ ಇನ್ನೊಬ್ಬ ಹುಡುಗನಿಗೆ ಮಾರುತ್ತಾನೆ. ದಾದಿ, “ಇರಲಿ ಬಿಡ್ರಿ, ಕಾಳು ಹಾಕ್ತೀವಿ, ನೀರು ಇಡ್ತೀವಿ” ಅಂದರು. ಅದೂ ಆಗುವಂಥದ್ದಲ್ಲ. ಬಿಟ್ಟುಬಿಡೋಣ ಅಂದರೆ ರೆಕ್ಕೆ ಕತ್ತರಿಸಿದ್ದಾರೆ, ಹೊಸ ಗರಿ ಬರುವವರೆಗೆ ಅದು ಹಾರದು. ಕೊನೆಗೆ ಅರಣ್ಯ ಇಲಾಖೆಯವರಿಗೆ ಒಪ್ಪಿಸುವುದು ಅಂತ ತೀರ್ಮಾನ ಆಯಿತು. ಹುಡುಗ ಪೆಟ್ಟಿಗೆ ಹಿಡಿದು ನನ್ನ ಜೊತೆಗೆ ಬಂದ. ದಾರಿಯುದ್ದಕ್ಕೂ ಮಾತಿಲ್ಲ. ಕೊಟ್ಟು ಬಂದ ಮೇಲೆ, “ನೀವು ಅಪರೂಪ ಅಂದಿದ್ರಲ್ಲಾ ಹಜ್ರತ್” ಅಂದ. ಅಷ್ಟೇ ಕೇಳಿದ್ದು. “ತಪ್ಪು ಹೇಳಿದೆ ಮಗಾ, ಗೊತ್ತಿಲ್ಲದೆ ಹೇಳಿದೆ” ಅಂದೆ. ಮರುದಿನ ಕ್ಲಾಸಿನಲ್ಲಿ ಎಲ್ಲರ ಎದುರು ಅದನ್ನೇ ಹೇಳಿದೆ. ನನ್ನ ಮಾತು ನಂಬಿ ಕೊಂಡ ಎರಡನೆಯ ಹುಡುಗನ ಹಣ ನಾನು ಕೊಟ್ಟೆ. ಮೊದಲನೆಯವನ ಅಪ್ಪ ನನ್ನ ಕೈಯಿಂದ ತೆಗೆದುಕೊಳ್ಳಲು ಒಪ್ಪಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಮಕ್ಕಳು ಹಕ್ಕಿ ಸಾಕುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಪ್ರವಾದಿಯವರ (ಸ) ಕಾಲದಲ್ಲಿ ಅಬೂ ಉಮೈರ್ ಎಂಬ ಪುಟ್ಟ ಹುಡುಗನ ಹತ್ತಿರ ಒಂದು ಸಣ್ಣ ಹಕ್ಕಿ ಇತ್ತು. ಅದು ಸತ್ತು ಅವನು ದುಃಖದಲ್ಲಿದ್ದಾಗ ಪ್ರವಾದಿಯವರು ಅವನ ಹಕ್ಕಿಯ ಬಗ್ಗೆ ಪ್ರೀತಿಯಿಂದ ವಿಚಾರಿಸಿದ್ದನ್ನು ನಾವು ಮದ್ರಸದಲ್ಲಿ ಕಲಿಸುತ್ತೇವೆ. ಹಕ್ಕಿಗೆ ಹೊತ್ತಿಗೆ ಸರಿಯಾಗಿ ಕಾಳು, ನೀರು ಇಡುವ ಹುಡುಗ ನಾಳೆ ಮನೆಯ ಹಿರಿಯರಿಗೂ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಾನೆ ಅನ್ನುವುದು ನನ್ನ ಅನುಭವ. ಸಂಜೆ ಹಕ್ಕಿ ಗೂಡಿನ ಹತ್ತಿರ ಕೂತವನ ಕೈಯಲ್ಲಿ ಅಷ್ಟು ಹೊತ್ತು ಮೊಬೈಲ್ ಇರುವುದಿಲ್ಲ. ಹಂದರ ಹಾಕಿ, ಜೋಡಿಯಾಗಿ, ಹಾರಲು ಜಾಗ ಇಟ್ಟು ಸಾಕು ಬೆಳವ ಸಾಕಲಿ. ಒಂಟಿ ಹಕ್ಕಿಯನ್ನು ಸಣ್ಣ ಪಂಜರದಲ್ಲಿ ತೂಗು ಹಾಕುವುದು ಬೇಡ. ಬೆಳವದ ಹೆಣ್ಣು ತನ್ನ ಜೋಡಿ ಕೂಗಿ ಬಾಗುವುದನ್ನು ನೋಡಿಯೇ ಮೊಟ್ಟೆಗೆ ತಯಾರಾಗುತ್ತದೆ ಅಂತ ಅಮೆರಿಕದ ಡೇನಿಯಲ್ ಲೆರ್ಮನ್ ಎಂಬ ವಿಜ್ಞಾನಿ ಈ ಸಾಕು ಬೆಳವಗಳನ್ನೇ ಇಟ್ಟುಕೊಂಡು ತೋರಿಸಿದ್ದಾರೆ. ಅಷ್ಟು ಜೋಡಿ ಹಚ್ಚಿಕೊಳ್ಳುವ ಹಕ್ಕಿ ಅದು.

ನನ್ನ ತಕರಾರು ಇರುವುದು ವ್ಯಾಪಾರದ ಮೋಸದ ಮೇಲೆ, ಮತ್ತು ಆ ಮೋಸಕ್ಕೆ ನಮ್ಮ ಬಾಯಿ ಸಾಕ್ಷಿ ಹೇಳುವುದರ ಮೇಲೆ. ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒದ್ದೆ ಕಾಳನ್ನು ಅಡಿಯಲ್ಲಿ ಅಡಗಿಸಿದ ವ್ಯಾಪಾರಿಯನ್ನು ಪ್ರವಾದಿಯವರು ಪ್ರಶ್ನಿಸಿದ ಘಟನೆ ನಮಗೆಲ್ಲ ಬಾಯಿಪಾಠ. ನಾವು ಬ್ಯಾರಿಗಳು ವ್ಯಾಪಾರದಿಂದಲೇ ಊರೂರಿಗೆ ಹೋದವರು. ಗದಗಕ್ಕೆ ಬಂದು ಬೇಕರಿ ಹಾಕಿದವರಿಗೂ, ಹೋಟೆಲ್ ಹಾಕಿದವರಿಗೂ ನಂಬಿಕೆಯೇ ಬಂಡವಾಳ. ಬಣ್ಣ ಹಚ್ಚಿದ ಬೆಳವ ಮಾರುವವನ ಪಂಜರ ಒದ್ದೆ ಕಾಳಿನ ರಾಶಿಯೇ. ಅದನ್ನು ಕೊಳ್ಳುವವರು ಸುಮ್ಮನಿದ್ದರೆ ರಾಶಿ ಬೆಳೆಯುತ್ತದೆ.

“ಅವನೂ ಬಡವ, ಹೊಟ್ಟೆಪಾಡು” ಅನ್ನುವ ಮಾತೂ ಬರುತ್ತದೆ. ನಿಜ ಇರಬಹುದು. ಆದರೆ ಅವನ ಗಿರಾಕಿಗಳು ಯಾರು? ಶ್ರೀಮಂತರ ಮನೆಯ ಮುಂದೆ ಅವನ ಸೈಕಲ್ ನಿಲ್ಲುವುದನ್ನು ನಾನು ನೋಡಿಲ್ಲ. ಬಡವರ ಓಣಿಯ ಮಕ್ಕಳೇ ಅವನ ಗಿರಾಕಿಗಳು. ಸಾಕು ಬೆಳವಗಳನ್ನೇ ಮರಿ ಮಾಡಿಸಿ, ಇದ್ದ ಬಣ್ಣ ಇದ್ದ ಹಾಗೆ ಹೇಳಿ ಮಾರಿದರೆ ಅದೂ ಹೊಟ್ಟೆಪಾಡೇ.

ಇನ್ನು ಮನೆಯವರಿಗೆ ನನ್ನ ವಿನಂತಿ. ಮಕ್ಕಳಿಗೆ ಹಕ್ಕಿ ಕೊಡಿಸುವುದಾದರೆ ಓಣಿಗೆ ಬರುವ ಪಂಜರದಿಂದ ಬೇಡ. ಮನೆಯಲ್ಲಿ ಮರಿ ಮಾಡಿಸುವವರ ಹತ್ತಿರ ಹೋಗಿ, ತಂದೆ-ತಾಯಿ ಹಕ್ಕಿ ನೋಡಿ. ಮರಿಗೆ ಒಂದು ವಾರ ಆಗುವಾಗ ಕಾಲಿಗೆ ಹಾಕುವ ಬೆಸುಗೆ ಇಲ್ಲದ ಉಂಗುರ ಇದ್ದರೆ ಒಳ್ಳೆಯದು. ಕಾಲು ದಪ್ಪ ಆದ ಮೇಲೆ ಅದನ್ನು ತೂರಿಸಲು ಆಗುವುದಿಲ್ಲ, ಆದ್ದರಿಂದ ಗೂಡಿನಲ್ಲೇ ಹುಟ್ಟಿದ್ದು ಅನ್ನುವುದಕ್ಕೆ ಅದು ಗುರುತು. ರೆಕ್ಕೆ ಬಿಡಿಸಿ ನೋಡಿ. ಕತ್ತರಿಸಿದ ಗರಿ ಕಂಡರೆ ಯಾಕೆ ಅಂತ ಕೇಳಿ. ‘ಅಪರೂಪ’ ಅಂದ ಕೂಡಲೇ ಬೆಲೆ ಕೇಳಬೇಡಿ, ಎಲ್ಲಿಂದ ಬಂತು ಅಂತ ಕೇಳಿ. ಉತ್ತರ ತಡವಾದರೆ ಎದ್ದು ಬನ್ನಿ.

ಮದ್ರಸದಲ್ಲಿ ಕಲಿಸುವ ನನ್ನ ಸಹೋದ್ಯೋಗಿಗಳಿಗೂ ಒಂದು ಮಾತು. ಮಕ್ಕಳು ನಮ್ಮ ಹತ್ತಿರ ಎಲ್ಲವನ್ನೂ ತರುತ್ತಾರೆ. ಹಕ್ಕಿ, ಕಲ್ಲು, ಔಷಧಿಯ ಚೀಟಿ, ಮೊಬೈಲಿನ ಸುದ್ದಿ. ನಾವು ಹೇಳಿದ್ದು ಅವರ ಮನೆಯಲ್ಲಿ ಫತ್ವಾ ಆಗುತ್ತದೆ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ, ಕೇಳಿ ಹೇಳುತ್ತೇನೆ’ ಅನ್ನುವುದರಲ್ಲಿ ನಮ್ಮ ಮರ್ಯಾದೆ ಕಡಿಮೆ ಆಗುವುದಿಲ್ಲ. ನಾನು ಅದನ್ನು ಹೇಳದೆ ಹೋದದ್ದರಿಂದ ಎರಡು ಮನೆಯವರು ಹಣ ಕಳೆದುಕೊಂಡರು.

ಕಪ್ಪತಗುಡ್ಡದ ಸುತ್ತಲಿನ ಹೊಲಗಳಲ್ಲಿ, ಮುಂಡರಗಿ ದಾರಿಯ ತಂತಿಗಳಲ್ಲಿ, ಶಿರಹಟ್ಟಿಯ ಮಸಾರಿಯಲ್ಲಿ ಈಗಲೂ ಆ ಕೆಂಪು ಬೆಳವಗಳು ಕೂತಿರುತ್ತವೆ. ರಜೆಯಲ್ಲಿ ಈ ಕಡೆ ಬಂಧುಗಳ ಮನೆಗೆ ಬಂದವರು ಮಕ್ಕಳಿಗೆ ತೋರಿಸಿ. ನೋಡುವುದಕ್ಕೆ ಒಂದು ಪೈಸೆ ಬೇಡ. ನಮ್ಮ ಹುಡುಗ ಈಗ ಶಾಲೆಗೆ ಹೋಗುವ ದಾರಿಯಲ್ಲಿ ಅವುಗಳನ್ನು ಎಣಿಸುತ್ತಾನೆ. ಗಂಡೆಷ್ಟು, ಹೆಣ್ಣೆಷ್ಟು ಅಂತ ಬಂದು ನನಗೆ ಹೇಳುತ್ತಾನೆ. ನನ್ನ ಲೆಕ್ಕ ತಪ್ಪಿದರೆ ತಿದ್ದುತ್ತಾನೆ ಕೂಡ.